ಕಂಪನ ಲಾಗರ್ ಅನ್ನು ಹೊಂದಿಸಿ ಕ್ಯಾಲಿಬ್ರೇಟ್ ಮಾಡುವುದು ಹೇಗೆ?

ಮೇಜಿನ ಮೇಲೆ ಅಲುಗಾಡದೆ ಕುಳಿತಿರುವ ಲಾಗರ್ ಒಂದು ಅಕ್ಷದಲ್ಲಿ 1.03 ಜಿ ಎಂದು ತೋರಿಸುತ್ತಿದೆ, ಉಳಿದೆರಡು ಅಕ್ಷಗಳಲ್ಲಿ ಸೊನ್ನೆಯ ಆಸುಪಾಸಿನಲ್ಲಿದೆ; ಇದು ಕೆಟ್ಟಿದೆಯೇ? ಕಂಪನ ಮತ್ತು ವೇಗೋತ್ಕರ್ಷವನ್ನು ದಾಖಲಿಸುವ ಲಾಗರ್ ಕೊಂಡ ಓದುಗರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಬಳಸಿ ಇಲ್ಲಿಗೇ ಬಂದು ನಿಲ್ಲುತ್ತವೆ. ಸಾಧನ ಕೆಟ್ಟಿಲ್ಲ. ನಿಂತಲ್ಲೇ ನಿಂತಿರುವ ಲಾಗರ್ ಭೂಮಿಯ ಗುರುತ್ವವನ್ನು ಅಳೆಯುತ್ತಿರುತ್ತದೆ, ಆದ್ದರಿಂದ ಮೇಲ್ಮುಖವಾಗಿರುವ ಅಕ್ಷದಲ್ಲಿ 1 ಬರಬೇಕಾದದ್ದೇ ಸರಿ. ಅದರ ಮೇಲಿನ 0.03 ಮಾತ್ರ ನೀವು ವಿಚಾರಿಸಿಕೊಳ್ಳಬೇಕಾದ ಭಾಗ. ಇದೇ ಲಾಗರ್ ಕೈಜಾರಿ ಬೀಳುತ್ತಿರುವಷ್ಟು ಹೊತ್ತು ಮೂರೂ ಅಕ್ಷಗಳಲ್ಲಿ ಸೊನ್ನೆಗೆ ಹತ್ತಿರದ ಅಂಕಿಯನ್ನೇ ತೋರಿಸುತ್ತದೆ.

ಇಲ್ಲಿ ‘ಜಿ’ ಎಂದರೆ ಗುರುತ್ವ ವೇಗೋತ್ಕರ್ಷದ ಅಳತೆ. ಅದರ ಪ್ರಮಾಣಿತ ಬೆಲೆ 9.80665 ಮೀ/ಸೆ². ನಿಜವಾದ ಬೆಲೆ ಸಮಭಾಜಕ ವೃತ್ತದ ಬಳಿ ಸುಮಾರು 9.78 ಇದ್ದು ಧ್ರುವಗಳ ಬಳಿ ಸುಮಾರು 9.83ರವರೆಗೆ ಏರುತ್ತದೆ. ಶೇಕಡಾ ಅರ್ಧದಷ್ಟಿರುವ ಈ ವ್ಯತ್ಯಾಸವನ್ನು ಸಾಮಾನ್ಯ ಕೆಲಸದಲ್ಲಿ ಮರೆತುಬಿಡಬಹುದು. ಅದಕ್ಕಿಂತ ನಿಖರವಾದ ಅಳತೆ ಬೇಕಿದ್ದರೆ ನೀವಿರುವ ಸ್ಥಳದ ಬೆಲೆಯನ್ನು ಹುಡುಕಿ ಬಳಸಬೇಕು.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಲಾಗರ್, ಅದರ ಜೊತೆ ಬಂದ ತಂತ್ರಾಂಶ, ಸೆನ್ಸರ್‌ನ ಡೇಟಾಶೀಟ್ (ತಯಾರಕರು ಗುಣಲಕ್ಷಣಗಳನ್ನು ಪಟ್ಟಿ ಮಾಡಿ ಕೊಡುವ ಹಾಳೆ), ಸಮತಟ್ಟಾದ ಕಲ್ಲಿನ ಅಥವಾ ಲೋಹದ ಹಲಗೆ, ರಸಮಟ್ಟ, ಮೂಲೆಮಟ್ಟ, ಸ್ವಲ್ಪ ಜೇನುಮೇಣ, ಲೆಕ್ಕಕ್ಕೆ ಒಂದು ಸ್ಪ್ರೆಡ್‌ಶೀಟ್ ಮತ್ತು ಬರೆದಿಡಲು ನೋಟ್‌ಪುಸ್ತಕ. ಕೈಯಲ್ಲಿ ಹಿಡಿಯುವ ಕಂಪನ ಕ್ಯಾಲಿಬ್ರೇಟರ್ (ಗೊತ್ತಿರುವ ಪ್ರಮಾಣದ ಕಂಪನ ಕೊಡುವ ಸಾಧನ) ಎಲ್ಲಿಂದಾದರೂ ಎರವಲು ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಮೊದಲ ಐದು ಹಂತಗಳಿಗೆ ಅಡ್ಡಿಯಿಲ್ಲ.

ಹಂತಗಳ ಕ್ರಮವನ್ನು ಬದಲಿಸಬೇಡಿ. ಅನೇಕರು ಪೆಟ್ಟಿಗೆ ಬಿಚ್ಚಿದ ಕೂಡಲೇ ಕ್ಯಾಲಿಬ್ರೇಷನ್ (ಗೊತ್ತಿರುವ ಬೆಲೆಯೊಂದಿಗೆ ತಾಳೆ ನೋಡಿ ಓದನ್ನು ತಿದ್ದುವುದು) ಮುಗಿಸಿ, ಆಮೇಲೆ ವ್ಯಾಪ್ತಿಯನ್ನೂ ಫಿಲ್ಟರನ್ನೂ ಬದಲಿಸುತ್ತಾರೆ. ಹಲವು ಸೆನ್ಸರ್‌ಗಳಲ್ಲಿ ವ್ಯಾಪ್ತಿ ಬದಲಾದರೆ ಸೊನ್ನೆಯ ಸ್ಥಾನವೂ ತುಸು ಕದಲುತ್ತದೆ, ಮೊದಲು ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಎಲ್ಲವನ್ನೂ ಹೊಂದಿಸಿಯಾದ ಮೇಲೆ, ಅದೇ ಹೊಂದಾಣಿಕೆಯಲ್ಲಿ ಕ್ಯಾಲಿಬ್ರೇಟ್ ಮಾಡಬೇಕು.

1. ಒಳಗಿರುವ ಸೆನ್ಸರ್ ಯಾವ ಬಗೆಯದೆಂದು ತಿಳಿದುಕೊಳ್ಳಿ

ಲಾಗರ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆಯ ಸೆನ್ಸರ್ ಇರುತ್ತವೆ. ಮೆಮ್ಸ್ ಸೆನ್ಸರ್ ಎಂದರೆ ಸಿಲಿಕಾನ್ ಚಿಪ್‌ನೊಳಗೆ ಕೆತ್ತಿದ ಅತಿ ಸಣ್ಣ ತೂಕ ಮತ್ತು ಸ್ಪ್ರಿಂಗ್. ಇದು ಗುರುತ್ವದಂತಹ ಬದಲಾಗದ ವೇಗೋತ್ಕರ್ಷವನ್ನೂ ಅಳೆಯುತ್ತದೆ. ಪೀಜೋ ಸೆನ್ಸರ್‌ನಲ್ಲಿ ಒತ್ತಿದಾಗ ವಿದ್ಯುದಾವೇಶ ಹುಟ್ಟಿಸುವ ಹರಳು ಇರುತ್ತದೆ. ಅದು ಬದಲಾಗುತ್ತಿರುವ ವೇಗೋತ್ಕರ್ಷಕ್ಕೆ ಮಾತ್ರ ಸ್ಪಂದಿಸುತ್ತದೆ, ಗುರುತ್ವ ಅದಕ್ಕೆ ಕಾಣುವುದೇ ಇಲ್ಲ. ಲಾಗರ್ ಅನ್ನು ನಿಧಾನವಾಗಿ ತಲೆಕೆಳಗು ಮಾಡಿ ನೋಡಿ. ಅಂಕಿ +1ರಿಂದ −1ಕ್ಕೆ ಹೋಗಿ ಅಲ್ಲೇ ನಿಂತರೆ ಮೆಮ್ಸ್. ಒಮ್ಮೆ ಕದಲಿ ಮತ್ತೆ ಸೊನ್ನೆಗೆ ಮರಳಿದರೆ ಪೀಜೋ, ಅಥವಾ ತಂತ್ರಾಂಶದಲ್ಲಿ ಹೈಪಾಸ್ ಫಿಲ್ಟರ್ (ನಿಧಾನದ ಬದಲಾವಣೆಗಳನ್ನು ತಡೆದು ವೇಗದವನ್ನು ಮಾತ್ರ ಬಿಡುವ ಜರಡಿ) ಚಾಲೂ ಇದೆ ಎಂದರ್ಥ. ಐದನೆಯ ಹಂತ ಮೆಮ್ಸ್ ಸೆನ್ಸರ್‌ಗೆ ಮಾತ್ರ ಅನ್ವಯಿಸುತ್ತದೆ; ಪೀಜೋ ಇದ್ದವರು ಅದನ್ನು ಬಿಟ್ಟು ಆರನೆಯದಕ್ಕೆ ಹೋಗಬೇಕು.

2. ವ್ಯಾಪ್ತಿಯನ್ನು ಆರಿಸಿ

ವ್ಯಾಪ್ತಿ ಎಂದರೆ ಲಾಗರ್ ಅಳೆಯಬಲ್ಲ ಅತಿ ಹೆಚ್ಚಿನ ವೇಗೋತ್ಕರ್ಷ. ±2 ಜಿ, ±16 ಜಿ, ±200 ಜಿ ಎಂದು ನಮೂದಾಗಿರುತ್ತದೆ. ಕಟ್ಟಡದ ಮಹಡಿಯ ಕಂಪನ ಮಿಲಿ ಜಿಗಳಲ್ಲಿರುತ್ತದೆ, ಸುಸ್ಥಿತಿಯ ಮೋಟಾರಿನದು ಬಹುಪಾಲು ಕೆಲವೇ ಜಿಗಳೊಳಗೆ, ಬಿದ್ದ ಪೆಟ್ಟಿಗೆಯದು ಹತ್ತಾರು ಜಿಗಳಿಂದ ನೂರಾರು ಜಿಗಳವರೆಗೆ. ವ್ಯಾಪ್ತಿ ಸಾಲದೆ ಹೋದರೆ ತರಂಗದ ತುದಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ, ಹಾಗೆ ಕಳೆದುಹೋದದ್ದನ್ನು ಆಮೇಲೆ ಯಾವ ಲೆಕ್ಕದಿಂದಲೂ ಮರಳಿ ಪಡೆಯಲಾಗದು. ಆದ್ದರಿಂದ ನೀವು ನಿರೀಕ್ಷಿಸುವ ಗರಿಷ್ಠಕ್ಕಿಂತ ಎರಡು ಪಟ್ಟು ಜಾಗವನ್ನಾದರೂ ಉಳಿಸಿಕೊಳ್ಳಿ.

ಹಾಗೆಂದು ಅತಿ ದೊಡ್ಡ ವ್ಯಾಪ್ತಿ ಇಟ್ಟರೆ ಸಣ್ಣ ಕಂಪನ ಕೈತಪ್ಪುತ್ತದೆ. 16 ಬಿಟ್ ಲಾಗರ್ ±16 ಜಿ ವ್ಯಾಪ್ತಿಯನ್ನು 65,536 ಮೆಟ್ಟಿಲುಗಳಾಗಿ ಒಡೆಯುತ್ತದೆ, ಒಂದು ಮೆಟ್ಟಿಲು ಸುಮಾರು 0.49 ಮಿಲಿ ಜಿ. ±2 ಜಿಗೆ ಇಳಿಸಿದರೆ 0.06 ಮಿಲಿ ಜಿ. ಆದರೆ ಮೆಟ್ಟಿಲು ಸಣ್ಣದಾದ ಮಾತ್ರಕ್ಕೆ ಅಳತೆ ಸೂಕ್ಷ್ಮವಾಗುವುದಿಲ್ಲ, ಏಕೆಂದರೆ ಸೆನ್ಸರ್‌ಗೆ ತನ್ನದೇ ಆದ ಗದ್ದಲ, ಅಂದರೆ ನಾಯ್ಸ್, ಇರುತ್ತದೆ. ಡೇಟಾಶೀಟ್‌ನಲ್ಲಿ ಅದು ಪ್ರತಿ ರೂಟ್ ಹರ್ಟ್ಸ್‌ಗೆ 100 ಮೈಕ್ರೋ ಜಿ ಎಂದಿದ್ದು, ನೀವು 400 ಹರ್ಟ್ಸ್‌ವರೆಗಿನ (ಹರ್ಟ್ಸ್ ಎಂದರೆ ಸೆಕೆಂಡಿಗೆ ಇಷ್ಟು ಬಾರಿ ಎಂಬ ಲೆಕ್ಕ) ಕಂಪನವನ್ನು ದಾಖಲಿಸುತ್ತಿದ್ದರೆ, 400ರ ವರ್ಗಮೂಲ 20, ಗುಣಿಸಿದರೆ 2,000 ಮೈಕ್ರೋ ಜಿ, ಅಂದರೆ 2 ಮಿಲಿ ಜಿ. ಇಂತಹ ಸೆನ್ಸರ್‌ನಲ್ಲಿ 0.06 ಮಿಲಿ ಜಿ ಮೆಟ್ಟಿಲಿಗಾಗಿ ವ್ಯಾಪ್ತಿಯನ್ನು ಬಲಿಕೊಡುವುದು ನನ್ನ ಲೆಕ್ಕದಲ್ಲಿ ನಷ್ಟದ ವ್ಯಾಪಾರ.

3. ಸ್ಯಾಂಪಲಿಂಗ್ ದರ ಮತ್ತು ಫಿಲ್ಟರ್

ಸ್ಯಾಂಪಲಿಂಗ್ ದರ ಎಂದರೆ ಲಾಗರ್ ಸೆಕೆಂಡಿಗೆ ಎಷ್ಟು ಬಾರಿ ಅಳತೆ ತೆಗೆದುಕೊಳ್ಳುತ್ತದೆ ಎಂಬುದು. ನೀವು ನೋಡಬೇಕಾದ ಅತಿ ಹೆಚ್ಚಿನ ಆವೃತ್ತಿಯ (ಕಂಪನ ಸೆಕೆಂಡಿಗೆ ಎಷ್ಟು ಬಾರಿ ಮರುಕಳಿಸುತ್ತದೆ ಎಂಬ ಸಂಖ್ಯೆ) ಎರಡು ಪಟ್ಟಿಗಿಂತ ಹೆಚ್ಚಿರಬೇಕು ಎಂಬುದು ಸಿದ್ಧಾಂತ. ಫಿಲ್ಟರ್‌ಗೆ ಸ್ವಲ್ಪ ಜಾಗ ಬಿಟ್ಟು 2.56 ಪಟ್ಟು ಇಡುವುದು ಕಂಪನ ವಿಶ್ಲೇಷಕಗಳ ರೂಢಿ. ನಿಮಿಷಕ್ಕೆ 1500 ಸುತ್ತು ತಿರುಗುವ ದಂಡದ ಮೂಲ ಆವೃತ್ತಿ 25 ಹರ್ಟ್ಸ್. ಅಸಮತೋಲವೊಂದನ್ನೇ ನೋಡುವವರಿಗೆ ಅದರ ಕೆಲವು ಪಟ್ಟುಗಳವರೆಗೆ ಸಾಕು. ಬೇರಿಂಗ್ ಸವೆತವನ್ನು ಹುಡುಕುವವರಿಗೆ ಸಾವಿರಾರು ಹರ್ಟ್ಸ್ ಬೇಕಾಗುತ್ತದೆ.

ಅತಿ ಹೆಚ್ಚು ಜನ ಎಡವುವುದು ಇಲ್ಲಿಯೇ. ಸೆಕೆಂಡಿಗೆ 1000 ಅಳತೆ ತೆಗೆಯುವ ಲಾಗರ್‌ಗೆ 970 ಹರ್ಟ್ಸ್ ಕಂಪನ ಬಡಿದರೆ, ದಾಖಲೆಯಲ್ಲಿ ಅದು 30 ಹರ್ಟ್ಸ್ ಕಂಪನವಾಗಿ ಕಾಣಿಸುತ್ತದೆ. ಇದಕ್ಕೆ ಏಲಿಯಾಸಿಂಗ್ ಎನ್ನುತ್ತಾರೆ, ಅಂದರೆ ಹೆಚ್ಚಿನ ಆವೃತ್ತಿಯೊಂದು ಕಡಿಮೆ ಆವೃತ್ತಿಯ ವೇಷ ಹಾಕಿಕೊಂಡು ಬರುವುದು. ಫ್ಯಾನೊಂದರ ದಾಖಲೆಯಲ್ಲಿ ಕಂಡ ಇಂತಹದೇ ಒಂದು ಶಿಖರದ (ಆವೃತ್ತಿಗಳ ನಕ್ಷೆಯಲ್ಲಿ ಎದ್ದು ಕಾಣುವ ಮೊನೆ) ಹಿಂದೆ ನಾನು ಎರಡು ದಿನ ಅಲೆದಿದ್ದೇನೆ, ಬುಡದ ಬೋಲ್ಟುಗಳನ್ನೆಲ್ಲ ಬಿಚ್ಚಿ ಬಿಗಿದದ್ದೂ ಆಯಿತು. ವೇಷ ಕಳಚುವ ಉಪಾಯ ಸರಳವಾಗಿದೆ: ಯಂತ್ರವನ್ನು ಅದೇ ವೇಗದಲ್ಲಿ ಓಡಿಸುತ್ತ, ಮೊದಲು 1000ದಲ್ಲಿ, ಬಳಿಕ 1600ರಲ್ಲಿ ದಾಖಲಿಸಿ. ನಿಜವಾದ ಶಿಖರ ಎರಡರಲ್ಲೂ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಸುಳ್ಳು ಶಿಖರ ಜಾಗ ಬದಲಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು 30ರಿಂದ 630 ಹರ್ಟ್ಸ್‌ಗೆ ಜಿಗಿಯುತ್ತದೆ.

ಇದನ್ನು ತಡೆಯುವ ಆಂಟಿ-ಏಲಿಯಾಸಿಂಗ್ ಫಿಲ್ಟರ್, ಸಂಕೇತ ಅಂಕಿಯಾಗಿ ಬದಲಾಗುವ ಮೊದಲೇ ಕೆಲಸ ಮಾಡಿರಬೇಕು. ದಾಖಲೆ ಕಂಪ್ಯೂಟರಿಗೆ ಬಂದ ಮೇಲೆ ಹಾಕುವ ಯಾವ ಫಿಲ್ಟರ್ ಕೂಡ ನಿಜವಾದ 30 ಹರ್ಟ್ಸನ್ನೂ ಸುಳ್ಳು 30 ಹರ್ಟ್ಸನ್ನೂ ಬೇರ್ಪಡಿಸಲಾರದು. ನಿಮ್ಮ ಲಾಗರ್‌ನಲ್ಲಿ ಫಿಲ್ಟರ್‌ನ ಕಟಾಫ್ ಆವೃತ್ತಿಯನ್ನು (ಯಾವ ಆವೃತ್ತಿಯಿಂದಾಚೆಗೆ ತಡೆಯಬೇಕೆಂಬ ಗಡಿ) ನೀವೇ ಇಡಬೇಕಾಗಿದ್ದರೆ, ಅದನ್ನು ಸ್ಯಾಂಪಲಿಂಗ್ ದರದ ಅರ್ಧಕ್ಕಿಂತ ಸಾಕಷ್ಟು ಕೆಳಗಿಡಿ.

ದಾಖಲೆಯ ಉದ್ದಕ್ಕೂ ಗಮನ ಕೊಡಿ. ಎರಡು ಆವೃತ್ತಿಗಳನ್ನು ಬಿಡಿಸಿ ನೋಡುವ ಸಾಮರ್ಥ್ಯ ದಾಖಲೆಯ ಅವಧಿಯನ್ನು ಅವಲಂಬಿಸಿದೆ: 1 ಸೆಕೆಂಡಿನ ದಾಖಲೆಗೆ 1 ಹರ್ಟ್ಸ್, 10 ಸೆಕೆಂಡಿನದಕ್ಕೆ 0.1 ಹರ್ಟ್ಸ್. ನಿಮಿಷಕ್ಕೆ 1480 ಸುತ್ತಿನ ಮೋಟಾರನ್ನೂ (24.67 ಹರ್ಟ್ಸ್) ಪಕ್ಕದ 1500 ಸುತ್ತಿನ ಯಂತ್ರವನ್ನೂ ಬೇರೆಬೇರೆಯಾಗಿ ಕಾಣಬೇಕಿದ್ದರೆ 1 ಸೆಕೆಂಡು ಏನೇನೂ ಸಾಲದು, 10 ಸೆಕೆಂಡಾದರೂ ದಾಖಲಿಸಬೇಕು.

4. ಟ್ರಿಗರ್, ಜಾಗ ಮತ್ತು ಗಡಿಯಾರ

ನಿರಂತರವಾಗಿ ದಾಖಲಿಸಬೇಕೇ ಅಥವಾ ಆಘಾತವಾದಾಗ ಮಾತ್ರವೇ ಎಂಬುದನ್ನು ಈಗ ತೀರ್ಮಾನಿಸಿ. ಆಘಾತವಾದಾಗ ಮಾತ್ರ ಎಂದಾದರೆ ಟ್ರಿಗರ್ ಮಟ್ಟವನ್ನು, ಅಂದರೆ ದಾಖಲೆ ಶುರುವಾಗುವ ಹೊಸ್ತಿಲನ್ನು, ಗುರುತ್ವದ 1 ಜಿಯನ್ನು ಲೆಕ್ಕಕ್ಕೆ ಹಿಡಿದೇ ಇಡಿ; 0.8 ಜಿ ಎಂದು ಇಟ್ಟು, ಹೈಪಾಸ್ ಫಿಲ್ಟರ್ ಹಾಕದೆ ಬಿಟ್ಟರೆ ಲಾಗರ್ ನಿಂತಲ್ಲೇ ದಾಖಲಿಸುತ್ತ ಬ್ಯಾಟರಿ ಮುಗಿಸುತ್ತದೆ. ಪೂರ್ವ-ಟ್ರಿಗರ್ (ಆಘಾತಕ್ಕೆ ಮುಂಚಿನ ಕ್ಷಣಗಳನ್ನೂ ಉಳಿಸಿಕೊಡುವ) ಸೌಲಭ್ಯವಿದ್ದರೆ ತಪ್ಪದೆ ಬಳಸಿ. 1 ಮೀಟರ್ ಎತ್ತರದಿಂದ ಬಿದ್ದ ಪೆಟ್ಟಿಗೆ ನೆಲ ಮುಟ್ಟಲು ಸುಮಾರು 0.45 ಸೆಕೆಂಡು ಹಿಡಿಯುತ್ತದೆ. ಆಘಾತಕ್ಕೆ ಹಿಂದಿನ ಅರ್ಧ ಸೆಕೆಂಡು ದಾಖಲಾಗಿದ್ದರೆ ಆ ಸೊನ್ನೆಯ ಅವಧಿಯಿಂದ ಬಿದ್ದ ಎತ್ತರವನ್ನೇ ಲೆಕ್ಕ ಹಾಕಬಹುದು.

ಜಾಗದ ಲೆಕ್ಕ ಸುಲಭ. ಮೂರು ಅಕ್ಷ, ಪ್ರತಿ ಅಳತೆಗೆ 2 ಬೈಟ್, ಸೆಕೆಂಡಿಗೆ 1000 ಅಳತೆ ಎಂದರೆ 6000 ಬೈಟ್, ಗಂಟೆಗೆ 21.6 ಮೆಗಾಬೈಟ್, ದಿನಕ್ಕೆ ಸುಮಾರು 518 ಮೆಗಾಬೈಟ್. ಸಿಎಸ್‌ವಿಯಂತಹ ಅಕ್ಷರರೂಪದ ಕಡತವಾದರೆ ಇದರ ಹಲವು ಪಟ್ಟು.

ಮೆಮೊರಿ ಕಾರ್ಡ್ ಆಗಾಗ ಬರೆಯುವುದನ್ನು ಕ್ಷಣಕಾಲ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತದೆ; ಲಾಗರ್‌ನ ಬಫರ್ (ಕಾರ್ಡಿಗೆ ಬರೆಯುವವರೆಗೆ ಅಳತೆಗಳನ್ನು ಇಟ್ಟುಕೊಳ್ಳುವ ತಾತ್ಕಾಲಿಕ ಜಾಗ) ಸಣ್ಣದಾಗಿದ್ದರೆ ಆ ಹೊತ್ತಿನ ಅಳತೆಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಕೈಗಡಿಯಾರ ಹಿಡಿದು 10 ನಿಮಿಷ ದಾಖಲಿಸಿ, ಸಾಲುಗಳನ್ನು ಎಣಿಸಿ. 1000ದ ದರದಲ್ಲಿ 6,00,000 ಸಾಲುಗಳಿರಬೇಕು. ಕಡಿಮೆ ಬಂದರೆ ಎರಡು ಕಾರಣಗಳಿರಬಹುದು: ಅಳತೆಗಳು ಬಿಟ್ಟುಹೋಗಿರಬಹುದು, ಇಲ್ಲವೇ ಸೆನ್ಸರ್‌ನ ಒಳಗಿನ ಗಡಿಯಾರವೇ ನಿಧಾನವಾಗಿರಬಹುದು. ಅಗ್ಗದ ಚಿಪ್‌ಗಳಲ್ಲಿ 1000 ಎಂದು ಬರೆದ ದರ ನಿಜವಾಗಿ 980 ಇದ್ದರೂ ಆಶ್ಚರ್ಯವಿಲ್ಲ. ಸಮಯಮುದ್ರೆಗಳ (ಪ್ರತಿ ಅಳತೆಯ ಜೊತೆ ದಾಖಲಾದ ಸಮಯ) ನಡುವಿನ ಅಂತರ ಒಂದೇ ಸಮನಾಗಿದ್ದರೆ ಗಡಿಯಾರದ ದೋಷ, ಅಲ್ಲಲ್ಲಿ ಜಿಗಿತವಿದ್ದರೆ ಕಾರ್ಡಿನ ದೋಷ. ಮೊದಲನೆಯದಾದರೆ ವಿಶ್ಲೇಷಣೆಯಲ್ಲಿ 980 ಎಂದೇ ಬಳಸಿ. ಎರಡನೆಯದಾದರೆ ಕಾರ್ಡ್ ಬದಲಿಸಿ ಅಥವಾ ದರ ಇಳಿಸಿ. ಎರಡು ಲಾಗರ್‌ಗಳನ್ನು ಜೊತೆಗೆ ಬಳಸುವವರು ದಿನವೂ ಸಮಯ ಹೊಂದಿಸಬೇಕು, ಹತ್ತು ಲಕ್ಷಕ್ಕೆ 20ರಷ್ಟು ತಪ್ಪುವ ಗಡಿಯಾರವೂ ದಿನಕ್ಕೆ 1.7 ಸೆಕೆಂಡು ಜಾರುತ್ತದೆ.

5. ಆರು ಮುಖಗಳ ಕ್ಯಾಲಿಬ್ರೇಷನ್

ಭೂಮಿಯೇ ನಿಮಗೆ ಪುಕ್ಕಟೆಯಾಗಿ +1 ಮತ್ತು −1 ಜಿ ಕೊಡುತ್ತಿದೆ, ಅದನ್ನು ಬಳಸಿಕೊಳ್ಳುವುದೇ ಈ ವಿಧಾನ. ಲಾಗರ್ ಚಾಲೂ ಮಾಡಿ 20 ನಿಮಿಷ ಸುಮ್ಮನೆ ಬಿಡಿ, ಒಳಗಿನ ಬಿಸಿ ಒಂದು ಹದಕ್ಕೆ ಬರಲಿ. ಹಲಗೆಯನ್ನು ರಸಮಟ್ಟ ಇಟ್ಟು ಸಮ ಮಾಡಿ. ನಂತರ ಲಾಗರ್ ಅನ್ನು ಆರೂ ಮುಖಗಳ ಮೇಲೆ ಒಂದೊಂದಾಗಿ ನಿಲ್ಲಿಸಿ, ಪ್ರತಿಯೊಂದರಲ್ಲೂ ಕೈ ತೆಗೆದ ಬಳಿಕ 30 ಸೆಕೆಂಡು ದಾಖಲಿಸಿ ಸರಾಸರಿ ತೆಗೆಯಿರಿ. ಪೆಟ್ಟಿಗೆಯ ಮೂಲೆಗಳು ದುಂಡಗಿದ್ದು ನೆಟ್ಟಗೆ ನಿಲ್ಲದಿದ್ದರೆ ಮೂಲೆಮಟ್ಟಕ್ಕೆ ಒರಗಿಸಿ ನಿಲ್ಲಿಸಿ.

ಝಡ್ ಅಕ್ಷ ಮೇಲ್ಮುಖವಾಗಿದ್ದಾಗ ಸರಾಸರಿ 1.032, ಕೆಳಮುಖವಾಗಿದ್ದಾಗ −0.984 ಬಂತು ಎನ್ನಿ. ಆಫ್‌ಸೆಟ್ ಎಂದರೆ ಸೊನ್ನೆ ಇರಬೇಕಾದ ಕಡೆಯಿಂದ ಸರಿದಿರುವ ಪ್ರಮಾಣ. ಗೇನ್ ಎಂದರೆ 1 ಜಿಯನ್ನು ಸಾಧನ ಎಷ್ಟೆಂದು ಹೇಳುತ್ತಿದೆ ಎಂಬುದು.

ಆಫ್‌ಸೆಟ್ = (1.032 − 0.984) ÷ 2 = 0.024
ಗೇನ್ = (1.032 + 0.984) ÷ 2 = 1.008
ತಿದ್ದಿದ ಬೆಲೆ = (ಓದಿದ ಬೆಲೆ − 0.024) ÷ 1.008

ಎಕ್ಸ್ ಮತ್ತು ವೈ ಅಕ್ಷಗಳಿಗೂ ಹೀಗೆಯೇ ಮಾಡಿ. ಮೊದಲ ಪ್ಯಾರಾದ 0.03ರ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ: ಅದರಲ್ಲಿ ಒಂದಷ್ಟು ಆಫ್‌ಸೆಟ್, ಒಂದಷ್ಟು ಗೇನ್. ಒಂದೇ ಮುಖದ ಮೇಲೆ ಇಟ್ಟು ನೋಡಿದವರಿಗೆ ಎರಡನ್ನೂ ಬೇರ್ಪಡಿಸಲು ದಾರಿಯೇ ಇಲ್ಲ. ತಂತ್ರಾಂಶದಲ್ಲಿರುವ ‘ಝೀರೋ’ ಗುಂಡಿಯನ್ನು ಒತ್ತಬೇಡಿ ಎನ್ನುವುದೂ ಇದಕ್ಕೇ. ಅದು ಗುರುತ್ವವನ್ನೂ ಸೇರಿಸಿ ಅಳಿಸಿಹಾಕಿ, ಲಾಗರ್ ಮಗುಚಿದ ಕೂಡಲೇ −2 ಜಿ ತೋರಿಸುತ್ತದೆ.

ಹಲಗೆ ತುಸು ಓರೆಯಾಗಿದ್ದರೆ ಏನಾಗುತ್ತದೆ? 2 ಡಿಗ್ರಿ ಓರೆಯಿದ್ದರೂ ಲಂಬ ಅಕ್ಷದ ಬೆಲೆ ಕೇವಲ ಶೇ. 0.06ರಷ್ಟು ತಗ್ಗುತ್ತದೆ, ಅದು ಗಣನೆಗೆ ಬಾರದು. ಆದರೆ ಅದೇ 2 ಡಿಗ್ರಿ ಅಡ್ಡ ಅಕ್ಷದಲ್ಲಿ 35 ಮಿಲಿ ಜಿ ಸುಳ್ಳು ಅಂಕಿ ಹುಟ್ಟಿಸುತ್ತದೆ. ಆದ್ದರಿಂದ ಆಫ್‌ಸೆಟ್ ಲೆಕ್ಕಕ್ಕೆ ಆಯಾ ಅಕ್ಷ ಲಂಬವಾಗಿದ್ದಾಗಿನ ಎರಡು ಓದುಗಳನ್ನೇ ಬಳಸಿ, ಅಡ್ಡ ಅಕ್ಷದ ಓದನ್ನು ನಂಬಬೇಡಿ. ಹಲಗೆಯ ಓರೆಯನ್ನೇ ತಿಳಿಯಬೇಕಿದ್ದರೆ ಲಾಗರ್ ಅನ್ನು ಇದ್ದಲ್ಲೇ ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಓದಿ: ಅಡ್ಡ ಅಕ್ಷದ ಎರಡು ಓದುಗಳ ಸರಾಸರಿ ಸಾಧನದ್ದು, ಅವುಗಳ ವ್ಯತ್ಯಾಸದ ಅರ್ಧ ಹಲಗೆಯದು.

ಕೊನೆಯ ಪರೀಕ್ಷೆಯಾಗಿ, ಲಾಗರ್ ಅನ್ನು ಯಾವುದಾದರೂ ವಕ್ರ ಭಂಗಿಯಲ್ಲಿ ಒರಗಿಸಿಟ್ಟು ಮೂರೂ ಅಕ್ಷಗಳ ತಿದ್ದಿದ ಬೆಲೆಗಳ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆಯಿರಿ. ಭಂಗಿ ಹೇಗೇ ಇರಲಿ, 1ಕ್ಕೆ ತೀರ ಹತ್ತಿರ ಬರಬೇಕು. ನಾಲ್ಕೈದು ಭಂಗಿಗಳಲ್ಲಿ 0.99ರಿಂದ 1.01ರೊಳಗೆ ಉಳಿದರೆ ಸಾಮಾನ್ಯ ಕೆಲಸಕ್ಕೆ ಸಾಕು.

ಬಿಸಿಯ ವಿಷಯ ಮರೆಯಬೇಡಿ. ಡೇಟಾಶೀಟ್‌ನಲ್ಲಿ ಆಫ್‌ಸೆಟ್‌ನ ಬದಲಾವಣೆ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 0.5 ಮಿಲಿ ಜಿ ಎಂದಿದ್ದು, ಯಂತ್ರದ ಮೈ ನಿಮ್ಮ ಕೋಣೆಗಿಂತ 30 ಡಿಗ್ರಿ ಹೆಚ್ಚು ಬಿಸಿಯಿದ್ದರೆ 15 ಮಿಲಿ ಜಿ ಸರಿದಂತೆ.

6. ಕಂಪನದಲ್ಲಿ ಪರೀಕ್ಷೆ

ಆರು ಮುಖಗಳ ವಿಧಾನ ನಿಶ್ಚಲ ಸ್ಥಿತಿಯನ್ನು ಮಾತ್ರ ಸರಿಪಡಿಸುತ್ತದೆ. 500 ಹರ್ಟ್ಸ್‌ನಲ್ಲಿ ಸಾಧನ ಸರಿಯಾಗಿ ಓದುತ್ತದೆಯೇ ಎಂಬುದನ್ನು ಅದು ಹೇಳಲಾರದು. ಅದಕ್ಕೆ ಕ್ಯಾಲಿಬ್ರೇಟರ್ ಬೇಕು. ಕೈಯಲ್ಲಿ ಹಿಡಿಯುವ ಬಹುತೇಕ ಕ್ಯಾಲಿಬ್ರೇಟರ್‌ಗಳು 159.15 ಹರ್ಟ್ಸ್‌ನಲ್ಲಿ 10 ಮೀ/ಸೆ² ಆರ್‌ಎಂಎಸ್ ಕಂಪನ ಕೊಡುತ್ತವೆ. ಇದೇನು ವಿಚಿತ್ರ ಸಂಖ್ಯೆ ಎನಿಸಬಹುದು, 159.15ನ್ನು 2π ಇಂದ ಗುಣಿಸಿದರೆ ಹೆಚ್ಚುಕಡಿಮೆ 1000 ಬರುತ್ತದೆ, ಆಗ ಅದೇ ಕಂಪನದ ವೇಗ 10 ಮಿ.ಮೀ./ಸೆ., ಸ್ಥಾನಪಲ್ಲಟ 10 ಮೈಕ್ರೋಮೀಟರ್. ಒಂದೇ ಪರೀಕ್ಷೆಯಲ್ಲಿ ಮೂರೂ ಅಳತೆಗಳನ್ನು ತಾಳೆ ನೋಡಬಹುದು.

ಆರ್‌ಎಂಎಸ್ ಎಂದರೆ ವರ್ಗಗಳ ಸರಾಸರಿಯ ವರ್ಗಮೂಲ, ಕಂಪನದ ಒಟ್ಟು ಬಲವನ್ನು ಹೇಳುವ ಅಂಕಿ. ಪೀಕ್ ಎಂದರೆ ತರಂಗದ ತುದಿ. ನಯವಾದ ಸೈನ್ ತರಂಗದಲ್ಲಿ ಪೀಕ್, ಆರ್‌ಎಂಎಸ್‌ನ 1.414 ಪಟ್ಟು. ಕ್ಯಾಲಿಬ್ರೇಟರ್ ಮೇಲೆ ನಿಮ್ಮ ಲಾಗರ್ 1.02 ಜಿ ತೋರಿಸಿದರೆ ಸರಿ, 1.44 ತೋರಿಸಿದರೆ ಸಾಧನದಲ್ಲಿ ದೋಷವಿಲ್ಲ, ನೀವು ಪೀಕ್ ಓದುತ್ತಿದ್ದೀರಿ. ಗೇನ್ ತಿದ್ದುವ ಮೊದಲು ಇದನ್ನು ನೋಡಿಕೊಳ್ಳಿ. ಭಾರದ ಲಾಗರ್ ಅನ್ನು ಇಂತಹ ಪುಟ್ಟ ಕ್ಯಾಲಿಬ್ರೇಟರ್ ಮೇಲೆ ಇಡಬಾರದು, ಅದಕ್ಕೊಂದು ತೂಕದ ಮಿತಿಯಿರುತ್ತದೆ. ಪ್ರಮಾಣಪತ್ರ ಬೇಕಾದವರು ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 16063-21 ಪ್ರಕಾರ, ಅಂದರೆ ಪ್ರಮಾಣಿತ ಸೆನ್ಸರ್‌ನೊಂದಿಗೆ ಒಟ್ಟಿಗೆ ಕಂಪಿಸಿ ಹೋಲಿಸುವ ವಿಧಾನದಲ್ಲಿ, ಪ್ರಯೋಗಾಲಯದಿಂದ ಮಾಡಿಸಿಕೊಳ್ಳಬೇಕು. ಹಲವು ಆವೃತ್ತಿಗಳಲ್ಲಿ ಪರೀಕ್ಷಿಸಿದ ಅಂಕಿಗಳನ್ನು ಕೇಳಿ ಪಡೆಯಿರಿ. ಒಂದೇ ಆವೃತ್ತಿಯ ಅಂಕಿಯಿರುವ ಪತ್ರದಿಂದ ಹೆಚ್ಚೇನೂ ತಿಳಿಯದು.

7. ಕೂರಿಸುವುದು

ಇಷ್ಟೆಲ್ಲ ಮಾಡಿ, ಲಾಗರ್ ಅನ್ನು ಸ್ಪಂಜಿನಂತಹ ಎರಡು ಬದಿಯ ಟೇಪಿನಿಂದ ಅಂಟಿಸಿದರೆ ಅಲ್ಲಿಗೆ ಮುಗಿಯಿತು. ಆ ಟೇಪು ಸ್ಪ್ರಿಂಗಿನಂತೆ ವರ್ತಿಸಿ, ಒಂದು ಆವೃತ್ತಿಯಲ್ಲಿ ಕಂಪನವನ್ನು ಹಿಗ್ಗಿಸಿ, ಅದರಾಚೆಗಿನದನ್ನು ನುಂಗಿಬಿಡುತ್ತದೆ. ಹೆಚ್ಚಿನ ಆವೃತ್ತಿಗೆ ಸ್ಟಡ್ ತಿರುಪು ಎಲ್ಲಕ್ಕಿಂತ ಉತ್ತಮ, ನಂತರ ಗಟ್ಟಿ ಅಂಟು ಅಥವಾ ತೆಳುವಾಗಿ ಹಚ್ಚಿದ ಜೇನುಮೇಣ (ಬಿಸಿಯಾದ ಮೈಯ ಮೇಲೆ ಮೇಣ ಬೇಡ), ಆಮೇಲೆ ಅಯಸ್ಕಾಂತ. ಕೈಯಲ್ಲಿ ಒತ್ತಿ ಹಿಡಿಯುವುದು ಕೊನೆಯ ದಾರಿ. ಬಣ್ಣ, ತುಕ್ಕು, ಧೂಳನ್ನು ಕೆರೆದು ತೆಗೆಯಿರಿ. ತೆಳು ತಗಡಿನ ಮುಚ್ಚಳದ ಮೇಲೆ ಕೂರಿಸದೆ ಬೇರಿಂಗ್ ಕವಚದಂತಹ ಗಟ್ಟಿ ಭಾಗವನ್ನು ಆರಿಸಿ. ಲಾಗರ್‌ನ ತೂಕ, ಅದು ಕೂತ ಭಾಗದ ತೂಕದ ಹತ್ತನೆಯ ಒಂದಕ್ಕಿಂತ ಹೆಚ್ಚಿದ್ದರೆ ಕಂಪನವೇ ಬದಲಾಗುತ್ತದೆ. ಕೇಬಲ್ ಇದ್ದರೆ ತೂಗಾಡದಂತೆ ಕಟ್ಟಿ. ಯಾವ ಅಕ್ಷ ಯಾವ ಕಡೆಗಿದೆ ಎಂಬುದರ ಫೋಟೊ ತೆಗೆದಿಡಿ.

ಕೂರಿಸಿದ ಮೇಲೆ ಪಕ್ಕದಲ್ಲಿ ಸಣ್ಣ ಸುತ್ತಿಗೆಯಿಂದ ಒಮ್ಮೆ ಮೆಲ್ಲನೆ ತಟ್ಟಿ ದಾಖಲೆ ನೋಡಿ. ತಟ್ಟಿದ ಬಳಿಕ ಒಂದೇ ಆವೃತ್ತಿಯ ಕಂಪನ ಉದ್ದಕ್ಕೆ ಅನುರಣಿಸುತ್ತಿದ್ದರೆ, ಮತ್ತು ಲಾಗರ್ ಅನ್ನು ಇನ್ನಷ್ಟು ಬಿಗಿದಾಗ ಆ ಆವೃತ್ತಿ ಮೇಲೇರಿದರೆ, ಅದು ಯಂತ್ರದ್ದಲ್ಲ, ನಿಮ್ಮ ಜೋಡಣೆಯದು.

8. ಪ್ರಾಯೋಗಿಕ ದಾಖಲೆ

ಮೊದಲು ಯಂತ್ರ ನಿಲ್ಲಿಸಿ ಎರಡು ನಿಮಿಷ, ಬಳಿಕ ಓಡಿಸಿ ಐದು ನಿಮಿಷ ದಾಖಲಿಸಿ. ನಿಂತಿರುವಾಗಿನ ದಾಖಲೆಯಲ್ಲೂ 50 ಅಥವಾ 60 ಹರ್ಟ್ಸ್‌ನಲ್ಲಿ ಚೂಪಾದ ಶಿಖರ ಕಂಡರೆ ಅದು ವಿದ್ಯುತ್ ಮಾರ್ಗದಿಂದ ನುಸುಳಿದ್ದಾಗಿರಬಹುದು. ಬ್ಯಾಟರಿಯಲ್ಲಿ ಓಡಿಸಿ ನೋಡಿ. ಓಡುವಾಗಿನ ದಾಖಲೆಯಲ್ಲಿ ತುದಿಗಳು ಚಪ್ಪಟೆಯಾಗಿದ್ದರೆ ಎರಡನೆಯ ಹಂತಕ್ಕೆ ಮರಳಿ.

ವೇಗೋತ್ಕರ್ಷವನ್ನು ವೇಗಕ್ಕೆ ಪರಿವರ್ತಿಸುವವರಿಗೆ ಒಂದು ಎಚ್ಚರಿಕೆ. ಉಳಿದುಹೋದ 10 ಮಿಲಿ ಜಿ ಆಫ್‌ಸೆಟ್, 10 ಸೆಕೆಂಡು ಸಂಕಲನವಾದರೆ ಸುಮಾರು 1 ಮೀ/ಸೆ. ಸುಳ್ಳು ವೇಗವಾಗಿ ಬೆಳೆಯುತ್ತದೆ, ಬುಡಕ್ಕೆ ಬೋಲ್ಟು ಬಿಗಿದ ಯಂತ್ರ ದಾಪುಗಾಲು ಹಾಕಿ ಹೊರಟಂತೆ! ಪರಿವರ್ತನೆಗೆ ಮೊದಲು ಸರಾಸರಿಯನ್ನು ಕಳೆದು, ಹೈಪಾಸ್ ಫಿಲ್ಟರ್ ಹಾಕಿ. ಯಂತ್ರಗಳ ಕಂಪನವನ್ನು ತೂಗುವ ಐಎಸ್‌ಒ 20816 ಸರಣಿಯಲ್ಲಿ ಸಾಮಾನ್ಯವಾಗಿ 10ರಿಂದ 1000 ಹರ್ಟ್ಸ್‌ವರೆಗಿನ ವೇಗದ ಆರ್‌ಎಂಎಸ್ ಅನ್ನು ಪರಿಗಣಿಸುವುದರಿಂದ, ಬಹುತೇಕ ಯಂತ್ರಗಳಿಗೆ ಕೆಳಗಿನ ಗಡಿಯನ್ನು 10 ಹರ್ಟ್ಸ್‌ನಲ್ಲಿಡಬಹುದು. ನಿಮಿಷಕ್ಕೆ 600 ಸುತ್ತಿಗಿಂತ ನಿಧಾನವಾಗಿ ತಿರುಗುವ ಯಂತ್ರಕ್ಕೆ ಮಾತ್ರ ಇದನ್ನು ಇಳಿಸಬೇಕು, ಇಲ್ಲವಾದರೆ ಮೂಲ ಆವೃತ್ತಿಯೇ ಫಿಲ್ಟರ್‌ನಲ್ಲಿ ಸೋರಿಹೋಗುತ್ತದೆ.

9. ಕೆಲಸ ಮುಗಿದ ಮೇಲೆ

ಲಾಗರ್ ಬಿಚ್ಚಿ ತಂದ ದಿನವೇ ಅದನ್ನು ಮತ್ತೆ ಹಲಗೆಯ ಮೇಲಿಟ್ಟು, ಝಡ್ ಮೇಲ್ಮುಖ ಮತ್ತು ಕೆಳಮುಖದ ಓದುಗಳನ್ನಾದರೂ ತೆಗೆದುಕೊಳ್ಳಿ. ಮೊದಲಿನ ಆಫ್‌ಸೆಟ್ 0.024 ಇದ್ದದ್ದು ಈಗ 0.026 ಆಗಿದ್ದರೆ ಚಿಂತೆಯಿಲ್ಲ. 0.090 ಆಗಿದ್ದರೆ ನಡುವೆ ಎಲ್ಲೋ ಲಾಗರ್ ಬಿದ್ದಿದೆ, ಅತಿಯಾಗಿ ಬಿಸಿಯಾಗಿದೆ ಅಥವಾ ತನ್ನ ಮಿತಿ ಮೀರಿದ ಆಘಾತ ತಿಂದಿದೆ. ಆ ಬದಲಾವಣೆ ಯಾವಾಗ ಆಯಿತೆಂದು ದಾಖಲೆಯಲ್ಲಿ ಹುಡುಕಿ, ಅದರ ನಂತರದ ಭಾಗವನ್ನು ಪಕ್ಕಕ್ಕಿಡಬೇಕು. ತಿದ್ದದ ಮೂಲ ಕಡತವನ್ನು ಹಾಗೆಯೇ ಉಳಿಸಿ, ತಿದ್ದುಪಡಿಯ ಅಂಕಿಗಳು, ವ್ಯಾಪ್ತಿ, ದರ, ಫಿಲ್ಟರ್, ತಾಪಮಾನ ಮತ್ತು ದಿನಾಂಕಗಳನ್ನು ಅದರ ಪಕ್ಕದಲ್ಲೇ ಬೇರೊಂದು ಕಡತದಲ್ಲಿ ಬರೆದಿಡಿ.